ಬಾಯಿ ಖಾಲಿ ಮಾಡಿ ಮಾತಾಡಿ

ಅಡಿಕೆ ಮಂಡಿಯಲ್ಲಿ ಸಂಬಳ ತಗೊಂಡು, ಅಲ್ಲಿಯ ಸಾಹುಕಾರರಿಗೇ "ಬಾಯಲ್ಲಿರೋ ಎಲೆ ಅಡಿಕೆ ಉಗುಳ್ರಿ" ಅನ್ನುವವನಿಗೆ ಏನನ್ನಬೇಕು? ಕಳೆದ ಸೋಮವಾರ ನಾನು ಅಂದೇಬಿಟ್ಟೆ. (ಗಾಬರಿ ಬೇಡ, ಕೆಲಸ ಇನ್ನೂ ಇದೆ.)

ನಾನು ಭೀಮಸಮುದ್ರದ ಮಂಡಿಯೊಂದರಲ್ಲಿ ರೈತರ ಲೆಕ್ಕದ ಚೀಟಿ ಟೈಪ್ ಮಾಡುವವನು. ಎರಡೇ ಬೆರಳು. ಒಂದು ಚೀಟಿ ಮುಗಿಯುವಷ್ಟರಲ್ಲಿ ರೈತರು ಟೀ ಕುಡಿದು ಬಂದಿರುತ್ತಾರೆ. ನಮ್ಮ ಮೇಜಿನ ಮೇಲೆ ಎಲೆ ಅಡಿಕೆ ತಟ್ಟೆ ಸದಾ ತುಂಬಿರುತ್ತದೆ. ಬಂದವರಿಗೆ ಕೊಡುವುದು ಮರ್ಯಾದೆ. ನಾವೂ ಹಾಕಿಕೊಳ್ಳುವುದು ಅಭ್ಯಾಸ. ಹಾಗಾಗಿ ಮಂಡಿಯ ಮಾತುಕತೆಯೆಲ್ಲ ತುಂಬಿದ ಬಾಯಲ್ಲೇ. ಗದ್ದ ಮೇಲೆತ್ತಿ, ತುಟಿ ಬಿಗಿದು.

ಹೋದ ತಿಂಗಳು ತಾಳ್ಯದ ಮಂಜಣ್ಣ ಕೆಲಸಕ್ಕೆ ಸೇರಿದ. ಕುರಿ ಸಾಕುವ ಮನೆಯವನು. ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತು, ಮಾತು ಉಳಿಯಿತು. ಎದುರಿನವರ ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ಅಡಿಕೆ ಆರಿಸಲು ಕೂತನೆಂದರೆ ಒಳ್ಳೆಯದು ಒಂದು ಕಡೆ, ಸಿಡಿದದ್ದು ಒಂದು ಕಡೆ, ಹುಳುಕು ಇನ್ನೊಂದು ಕಡೆ. ಒಂದೂ ತಪ್ಪುವುದಿಲ್ಲ.

ಸೋಮವಾರ ಸಾಹುಕಾರರು ಬಾಯಿ ತುಂಬಿಕೊಂಡು, ಗೋಡೌನ್ ಕಡೆ ನಡೆಯುತ್ತಲೇ ಅವನಿಗೆ ಏನೋ ಹೇಳಿದರು. ಅವನು ಸುಮ್ಮನೆ ನಿಂತ. ಮತ್ತೆ ಹೇಳಿದರು. ಮತ್ತೆ ನಿಂತ. ಸಾಹುಕಾರರು ಉಗಿದು ನನ್ನ ಹತ್ತಿರ ಬಂದರು. (ಬೈಯುವಾಗ ಮಾತ್ರ ಬಾಯಿ ಖಾಲಿ.)

"ನಾಳೆಯಿಂದ ಇವ್ನು ಆರ್ಸೋದು ಬ್ಯಾಡ, ಮೂಟೆ ಹೊರ್ಲಿ. ಹೇಳಿದ್ದೊಂದೂ ತಿಳಿಯಲ್ಲ!"

ಅವರು ಇನ್ನೊಂದು ಎಲೆ ಮಡಿಚುತ್ತಾ ಹೋದ ಮೇಲೆ ಮಂಜಣ್ಣ ಬಂದ. "ಅಣ್ಣ, ಸಾವ್ಕಾರ್ರು ಏನಂದ್ರು?"

ಹೇಳಿದೆ. ಅವನಿಗೆ ತಿಳಿಯಲಿಲ್ಲ. ನನ್ನ ಬಾಯಲ್ಲೂ ಇತ್ತಲ್ಲ! ಉಗಿದು ಬಂದು, ಎದುರಿಗೆ ಕೂತು, ಮತ್ತೆ ಹೇಳಿದೆ. ಅವನ ಮುಖ ಸಣ್ಣದಾಯಿತು.

"ಮೂಟೆ ಹೊರಾಕೆ ಬೇಜಾರಿಲ್ಲಣ್ಣ. ಆದ್ರೆ ನಂಗೆ ಚೆನ್ನಾಗಿ ಬರೋ ಕೆಲ್ಸ ಇದೇ. ನಿಮ್ಮ ಬಾಯಾಗೆಲ್ಲ ಅಡಿಕೆ ಇದ್ರೆ ನಾನು ಏನ್ ನೋಡಿ ತಿಳ್ಕಳ್ಳಿ?"

ಧೈರ್ಯ ಮಾಡಿ ಸಾಹುಕಾರರ ಹತ್ತಿರ ಹೋದೆ. "ಬಾಯಲ್ಲಿರೋ ಎಲೆ ಅಡಿಕೆ ಉಗುಳ್ರಿ, ಮಂಜಣ್ಣನ ಎದುರಿಗೆ ನಿಂತು ಹೇಳ್ರಿ" ಅಂದೆ.

"ಏನಪ್ಪ, ಅಡಿಕೆ ಅಂಗಡ್ಯಾಗೆ ಕುಂತು ಅಡಿಕೆ ಉಗುಳು ಅಂತೀಯ? ನಾಳೆ ಬಾಗ್ಲು ಹಾಕು ಅಂತೀಯೇನೋ!"

ನಕ್ಕರು. ಆದರೂ ಉಗಿದರು. ಮಂಜಣ್ಣನ ಎದುರು ನಿಂತು ಹೇಳಿದರು: "ಆದಿವಾಲದಿಂದ ಬಂದ ಮೂಟೆ ಮೊದ್ಲು ಆರ್ಸು. ಮಧ್ಯಾಹ್ನ ಗಾಡಿ ಹೋಗ್ಬೇಕು."

"ಅಷ್ಟೇನ್ರಿ? ಊಟದೊತ್ತಿಗೆ ಮುಗಿಸ್ತೀನಿ."

ಮುಗಿಸಿದ. ಮೂಟೆ ಹೊರುವ ಮಾತು ಮತ್ತೆ ಬರಲಿಲ್ಲ.

ಈಗ ನಮ್ಮಲ್ಲಿ ಯಾರೇ ಆಗಲಿ, ಮಂಜಣ್ಣನ ಭುಜ ತಟ್ಟುತ್ತಾರೆ, ಅವನು ನೋಡುವ ತನಕ ಕಾಯುತ್ತಾರೆ, ಖಾಲಿ ಬಾಯಲ್ಲಿ ಹೇಳುತ್ತಾರೆ. ಇದಕ್ಕೆ ಯಾವ ಟ್ರೈನಿಂಗ್ ಬೇಕಿತ್ತು?

ಮೊನ್ನೆ ಹಮಾಲಿ ರುದ್ರಣ್ಣ ನನ್ನ ಕಿವಿಯಲ್ಲಿ ಹೇಳಿದ: "ಹತ್ತು ವರ್ಷದಾಗೆ ಸಾವ್ಕಾರ್ರ ಮಾತು ನಂಗೆ ಪೂರ್ತಿ ತಿಳಿದಿದ್ದು ಈ ವಾರಾನೇ ಕಣಣ್ಣ!"

ನನ್ನ ಕಥೆಯೂ ಅದೇ. ಮಂಜಣ್ಣ ತಿಳಿಯಲಿಲ್ಲ ಅಂತ ನಿಂತುಕೊಂಡ, ಸರಿ. ಕಿವಿ ನೆಟ್ಟಗಿದ್ದ ನಾವು ಇಷ್ಟು ವರ್ಷ ತಲೆ ಆಡಿಸಿದ್ದು ಯಾವ ಮಾತಿಗೆ?