ಹೂವಿನಂಗಡಿ ಮುಂದೆ ನಿಂತ ಚುಕ್ಕೆ

ಇದು ನಾನು ನಿವೃತ್ತನಾಗುವ ಹಿಂದಿನ ವರ್ಷದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಬಿಸಿಯೂಟದ ಅಕ್ಕಿ ಸಾಗಿಸುವ ಲಾರಿಗಳ ಮೇಲೆ ಕಣ್ಣಿಡುವುದು ತಾಂತ್ರಿಕ ಅಧಿಕಾರಿಯಾಗಿದ್ದ ನನ್ನ ಕೆಲಸ. ಕಣ್ಣು ನನ್ನದಲ್ಲ, ಉಪಗ್ರಹದ್ದು. ಪ್ರತಿ ಲಾರಿಯಲ್ಲೂ ಒಂದು ಜಿಪಿಎಸ್ ಪೆಟ್ಟಿಗೆ ಇರುತ್ತಿತ್ತು, ಅದು ಕಂಟ್ರೋಲ್ ರೂಮಿನ ನಕ್ಷೆಯ ಮೇಲೆ ಚುಕ್ಕೆಯಾಗಿ ಕಾಣುತ್ತಿತ್ತು. ಆ ಚುಕ್ಕೆಯ ಮಾತೇ ನಮ್ಮಲ್ಲಿ ಕೊನೆಯ ಮಾತು.

ಮೋರಟಗಿ ಶಾಲೆಗೆ ಬಂದ ಅಕ್ಕಿಯಲ್ಲಿ ಬರೀ ನುಚ್ಚು ಎಂದು ದೂರು ಬಂತು. ನಕ್ಷೆ ತೆಗೆದು ನೋಡಿದರೆ, ಚಾಲಕ ಶಿವಪುತ್ರನ ಲಾರಿ ಪ್ರತಿ ಸಲವೂ ಸಿಂದಗಿಯ ಹೊರಗೆ ಒಬ್ಬ ಅಕ್ಕಿ ವ್ಯಾಪಾರಿಯ ಗೋದಾಮಿನ ಮುಂದೆ ಮುಕ್ಕಾಲು ಗಂಟೆ ನಿಂತಿತ್ತು. ಇನ್ನೇನು ಬೇಕು? ಒಳ್ಳೆಯ ಅಕ್ಕಿ ಇಳಿಸಿ ನುಚ್ಚು ತುಂಬಿದ್ದಾನೆ ಎಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಅವನನ್ನು ಕೆಲಸದಿಂದ ತೆಗೆಯುವ ಆದೇಶ ಸಿದ್ಧವಾಗಿ, ನನ್ನ ಸಹಿಗೆ ಬಂತು.

ನಾನು ಮೊದಲು ಅವನನ್ನೇ ಕರೆಸಿದೆ. ಬಂದವನೇ ಮೇಜಿನ ಮುಂದೆ ನೆಟ್ಟಗೆ ನಿಂತ.

"ನಿಮ್ಮ ಪೆಟಗಿ ಸುಳ್ಳ ಹೇಳಾಕತ್ತೈತ್ರಿ."

"ಪೆಟಗಿಗೆ ನಿನ್ನ ಮ್ಯಾಲ ಏನಪಾ ಸಿಟ್ಟು?" ಎಂದು ನಾನು ತಮಾಷೆ ಮಾಡಿದೆ. ಅವನು ನಗಲಿಲ್ಲ.

"ಊರ ಮಂದಿ ಅಕ್ಕಿ ಕಳ್ಳ ಅಂತಾರ, ಅನ್ಲಿ ಬಿಡ್ರಿ ಸಾಹೇಬ್ರ. ಅದ ಸಾಲ್ಯಾಗ ನನ್ನ ಹೇಣ್ತಿ ಅಡಗಿ ಮಾಡ್ತಾಳ. ಆಕಿನೂ ಕೇಳಿದಳು, ಖರೇ ಹೇಳ್ರಿ, ಅಲ್ಲಿ ನಿಂತಿದ್ರೇನು ಅಂತ."

ಆ ಮಾತು ಕೇಳಿದ ಮೇಲೆ ಸಹಿ ಹಾಕದೆ, ಪೆಟ್ಟಿಗೆ ಕಳಿಸಿದ ಮೂಲ ಅಂಕಿಗಳನ್ನು ತರಿಸಿದೆ. ನಕ್ಷೆಯಲ್ಲಿ ಕಾಣುವ ಗೆರೆ ಲಾರಿ ಹೋದ ದಾರಿಯಲ್ಲ, ಬಿಂದುಗಳನ್ನು ಜೋಡಿಸಿ ಸಾಫ್ಟ್‌ವೇರ್ ಎಳೆದದ್ದು. ಮೂಲದಲ್ಲಿ ಲಾರಿ ಮುಕ್ಕಾಲು ಗಂಟೆ ಗೋದಾಮಿನ ಮುಂದಿತ್ತು, ಮರುನಿಮಿಷ ಮೋರಟಗಿಯಲ್ಲಿತ್ತು! ಅಕ್ಕಿ ಹೊತ್ತ ಲಾರಿ ಹಾರಿತೇ? ಸ್ಥಾನ ಲೆಕ್ಕಹಾಕಲು ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬೇಕು. ಆ ಮುಕ್ಕಾಲು ಗಂಟೆಯುದ್ದಕ್ಕೂ ಉಪಗ್ರಹಗಳ ಸಂಖ್ಯೆಯ ಕಾಲಂನಲ್ಲಿ ಸೊನ್ನೆಯಿತ್ತು. ಸಂಕೇತ ಸಿಗದಾಗ ನಮ್ಮ ಪೆಟ್ಟಿಗೆ 'ಗೊತ್ತಿಲ್ಲ' ಎನ್ನುತ್ತಿರಲಿಲ್ಲ, ಹಳೆಯ ಜಾಗವನ್ನೇ ಹೊಸ ಸಮಯ ಹಾಕಿ ಕಳಿಸುತ್ತಿತ್ತು. ಗೊತ್ತಿಲ್ಲ ಎನ್ನಲು ನಾಚುವ ಅಧಿಕಾರಿಗಳನ್ನು ನಾನು ಬೇಕಾದಷ್ಟು ಕಂಡಿದ್ದೆ. ಅಂಥ ಯಂತ್ರವನ್ನು ಕಂಡದ್ದು ಅದೇ ಮೊದಲು.

ಆದರೆ ಪೆಟ್ಟಿಗೆ ತಪ್ಪಿದ ಮಾತ್ರಕ್ಕೆ ಶಿವಪುತ್ರ ಸಾಚಾ ಎಂದಾಗುವುದಿಲ್ಲವಲ್ಲ. ಅದಕ್ಕೇ ಲಾರಿ ಅಕ್ಕಿ ತುಂಬಿಕೊಂಡ ಡಿಪೋಗೆ ಹೋಗಿ, ಅದೇ ಸರಕಿನ ಉಳಿದ ಚೀಲಗಳನ್ನು ಬಿಚ್ಚಿಸಿದೆ. ಅವುಗಳಲ್ಲೂ ನುಚ್ಚೇ ಇತ್ತು. ಅಕ್ಕಿ ಗಿರಣಿಯಿಂದಲೇ ಹಾಗೆ ಬಂದಿತ್ತು. ಇನ್ನು ಉಳಿದದ್ದು ಒಂದೇ ಪ್ರಶ್ನೆ: ಪೆಟ್ಟಿಗೆ ಆ ಗೋದಾಮಿನ ಮುಂದೆಯೇ ಯಾಕೆ ಕುರುಡಾಗುತ್ತದೆ?

ಮುಂದಿನ ಲೋಡಿಗೆ ನಾನೂ ಲಾರಿ ಹತ್ತಿದೆ. ಡ್ಯಾಶ್‌ಬೋರ್ಡಿನ ಮೇಲೆ ತಗಡಿನ ಪುಟ್ಟ ಮಂಟಪ, ಅದರೊಳಗೆ ಬಸವಣ್ಣ. ಗೋದಾಮಿನ ಎದುರಿಗೆ ಒಂದು ಹೂವಿನಂಗಡಿ. ಶಿವಪುತ್ರ ಅಲ್ಲಿ ಲಾರಿ ನಿಲ್ಲಿಸಿ, ಮಂಟಪ ಎತ್ತಿ ಕೆಳಗಿನ ಧೂಳು ಒರೆಸಿದ, ಬಸವಣ್ಣನಿಗೆ ಹೊಸ ಮಾಲೆ ಹಾಕಿ ಮಂಟಪವನ್ನು ಮೊದಲಿನ ಜಾಗಕ್ಕೇ ಇಟ್ಟ. ಎರಡೇ ನಿಮಿಷದಲ್ಲಿ ಹೊರಟೆವು. ಮತ್ತೆಲ್ಲೂ ನಿಲ್ಲಲಿಲ್ಲ.

ಮೋರಟಗಿ ಶಾಲೆಯ ಅಡುಗೆ ಕೋಣೆಯ ಬಾಗಿಲಲ್ಲಿ ಅವನ ಹೆಂಡತಿ ಕಸ್ತೂರಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ನಾನು ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ನಮ್ಮ ಲಾರಿ ಎಲ್ಲೈತಿ ನೋಡ್ರಿ."

"ಗೋದಾಮಿನ ಮುಂದ ನಿಂತೈತ್ರಿ ಸರ್. ಮುಕ್ಕಾಲು ತಾಸಾತು."

ಕಸ್ತೂರಿ ಫೋನಿನ ಕಡೆ ನೋಡಿದಳು, ಆಮೇಲೆ ಗಂಡನ ಕಡೆ. "ಅಯ್ಯ, ಇಲ್ಲೇ ಅದಾರಲ್ರಿ ಇವರು!"

ಶಿವಪುತ್ರ ಲಾರಿ ಹತ್ತಿದ. ಊರು ಮುಟ್ಟಿದ ಮೇಲೆ ಮಾಲೆ ತೆಗೆಯುವುದು ಅವನ ರೂಢಿ. ಹಾಗೇ ಮಂಟಪ ಎತ್ತಿ ಪಕ್ಕಕ್ಕಿಟ್ಟ. ಸ್ವಲ್ಪ ಹೊತ್ತಿನಲ್ಲೇ ಫೋನಿನಿಂದ ದನಿ ಬಂತು: "ಸರ್, ಲಾರಿ ಈಗ ಮೋರಟಗ್ಯಾಗೈತಿ! ಹೆಂಗ ಬಂತ್ರಿ?"

ಮಂಟಪ ಇದ್ದ ಜಾಗದಲ್ಲಿ ಡ್ಯಾಶ್‌ಬೋರ್ಡಿಗೆ ಹಾಸಿದ್ದ ಚಾಪೆ ಸರಿಸಿದೆ. ಉಪಗ್ರಹದ ಸಂಕೇತ ಹಿಡಿಯುವ ಆಂಟೆನಾ ಬೆಂಕಿಪೊಟ್ಟಣದಷ್ಟು ಸಣ್ಣದಾಗಿ ಅಲ್ಲಿ ಕುಳಿತಿತ್ತು. ಇಷ್ಟು ದಿನ ಅದರ ನೆತ್ತಿಯ ಮೇಲೆ ತಗಡು ಕವುಚಿತ್ತು. ಮಾಲೆ ಹಾಕುವಾಗ, ತೆಗೆಯುವಾಗ ಮಾತ್ರ ಅದಕ್ಕೆ ಆಕಾಶ ಕಾಣುತ್ತಿತ್ತು; ನಡುವಿನ ದಾರಿಯುದ್ದಕ್ಕೂ ಪೆಟ್ಟಿಗೆ ಹೂವಿನಂಗಡಿಯ ಜಾಗವನ್ನೇ ಹೇಳುತ್ತಿತ್ತು.

"ಆಂಟೆನಾ ಮುಚ್ಚಿದ್ದೂ ಅಪರಾಧನ" ಎಂದರು ನನ್ನ ಮೇಲಧಿಕಾರಿ. "ಅಲ್ಲಿ ಆಂಟೆನಾ ಐತಿ ಅಂತ ಅವಗ ನಾವು ಯಾವತ್ತ ಹೇಳೇವ್ರಿ?" ಎಂದು ಕೇಳಿದೆ. ಆದೇಶ ರದ್ದಾಯಿತು, ಬಸವಣ್ಣ ಡ್ಯಾಶ್‌ಬೋರ್ಡಿನ ಎಡಕ್ಕೆ ಸರಿದ. ಸಂಕೇತವಿಲ್ಲದ ಚುಕ್ಕೆಯನ್ನು ಸಾಕ್ಷಿಯೆಂದು ಹಿಡಿಯಬಾರದೆಂಬ ನಿಯಮವನ್ನು ಹಟ ಹಿಡಿದು ಬರೆಸಿದೆ.

ಅವತ್ತು ಮೋರಟಗಿಯಿಂದ ಹೊರಡುವಾಗ ಕಸ್ತೂರಿ ಹತ್ತಿರ ಬಂದು, "ನಾ ಅವರನ್ನ ಹಂಗ ಕೇಳಬಾರದಿತ್ರಿ ಸಾಹೇಬ್ರ" ಎಂದು ಕಣ್ಣೊರೆಸಿಕೊಂಡಿದ್ದಳು. ಅವಳಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಕೇಳಿದ್ದು ತಪ್ಪಲ್ಲ ತಂಗಿ. ನೀನು ಅವನನ್ನು ಕೇಳಿದೆ. ನಮ್ಮ ಕಚೇರಿ ಅವನನ್ನು ಒಂದು ಮಾತೂ ಕೇಳದೆ ಆದೇಶ ಬರೆದಿತ್ತು.