ಬೂದಿಗೆ ಮಾವನೇ ಲಿಫ್ಟು

ನಮ್ಮ ಮಾವ ಎಂಟು ಮಹಡಿಯ ಕಚೇರಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವರು. ಆಯಸ್ಸಿನ ಮುಕ್ಕಾಲು ಪಾಲು ಆ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂತು ಜನರನ್ನು ಏರಿಸಿದರು, ಇಳಿಸಿದರು. ಗುಂಡಿ ಒತ್ತಿದರೆ ತಾನೇ ಓಡುವ ಲಿಫ್ಟ್ ಬಂದ ಮೇಲೆ ಮಾವ ಮನೆಗೆ ಬಂದರು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ, ಹತ್ತು ಮಾತಿಗೆ ಒಂದು ಮಾತು.

ನಮ್ಮ ಬೆಕ್ಕು ಬೂದಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿಕೊಂಡು ಬಂದೆ. ಹೊಲಿಗೆ ಕೂಡುವ ತನಕ ಹಾರಲು ಬಿಡಬೇಡಿ, ಬಿಚ್ಚಿಕೊಂಡರೆ ಮತ್ತೆ ಹೊಲಿಯಬೇಕಾಗುತ್ತದೆ ಎಂದಿದ್ದರು ಡಾಕ್ಟರು. ಹೇಳುವುದೇನೋ ಸುಲಭ. ಬೂದಿಯ ಜೀವವೆಲ್ಲ ಇರುವುದು ಬೀರುವಿನ ನೆತ್ತಿಯ ಮೇಲೆ. ಗಾಯ ನೆಕ್ಕದಂತೆ ಕೊರಳಿಗೆ ಕಟ್ಟಿದ್ದ ಅಗಲ ಬಾಯಿಯ ಪ್ಲಾಸ್ಟಿಕ್ಕನ್ನು ಗೋಡೆಗೆಲ್ಲ ತಾಕಿಸಿಕೊಂಡು, ಅರೆನಿದ್ದೆಯಲ್ಲೇ ಬೀರುವಿನ ಬುಡಕ್ಕೆ ಬಂದು ಕತ್ತೆತ್ತಿ ನಿಂತಿತು.

“ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಿದ್ವಿ. ಇದಕ್ಕೆ ಲಾಳಿಕೇನೇ ಕಟ್ಟಿಬಿಟ್ಟಿದ್ದಾರಲ್ಲಮ್ಮ” ಎಂದು ಮಾವ ಎದ್ದು ಬಂದರು. ಎದೆಗೊಂದು ಕೈ, ಹಿಂಗಾಲಿಗೊಂದು ಕೈ ಕೊಟ್ಟು, ಹೊಟ್ಟೆಗೆ ಏನೂ ತಾಕದಂತೆ ಮೆಲ್ಲಗೆ ಎತ್ತಿ ಮೇಲಿಟ್ಟರು. ಅಲ್ಲಿಂದ ಧುಮುಕಿದರೆ ಗತಿಯೇನೆಂದು ನಾನು ಗೊಣಗಿದೆ. ಮಾವ ಅದರ ಮುಂದೆ ತೋಳು ಅಡ್ಡ ಹಿಡಿದರು.

“ಬಾಗಿಲು ತೆಗೆಯೋ ತನಕ ಯಾರೂ ಇಳಿಯಲ್ಲ ಕಣಮ್ಮ.”

ಆಮೇಲಿನ ಮಧ್ಯಾಹ್ನಗಳೆಲ್ಲ ನನಗೆ ಒಂದೇ ಮಧ್ಯಾಹ್ನದಂತೆ ನೆನಪಿವೆ. ಮಗಳು ಪುಟ್ಟಿಯನ್ನು ಮಲಗಿಸಿ, ಬೂದಿಯ ಮಾತ್ರೆ ಪುಡಿ ಮಾಡಿ ಮೀನಿಗೆ ಬೆರೆಸಿ, ಹೊಲಿಗೆಯ ಸುತ್ತ ಕೆಂಪಿದೆಯೇ, ಊತವಿದೆಯೇ ಎಂದು ನೋಡಿ ಮುಗಿಸುವ ಹೊತ್ತಿಗೆ ಕಿಟಕಿಯ ಪರದೆ ಗಾಳಿಗೆ ಉಸಿರಾಡುತ್ತಿರುತ್ತಿತ್ತು. ಬೀರುವಿನ ಮೇಲೆ ಬೆಕ್ಕು, ಕೆಳಗೆ ತೋಳು ಚಾಚಿ ನಿಂತ ಮಾವ, ಇಬ್ಬರ ಕಣ್ಣೂ ಅರೆಮುಚ್ಚಿ. ಮನೆಯೇ ಎರಡು ಮಹಡಿಗಳ ನಡುವೆ ತೇಲುತ್ತಾ ನಿಂತುಬಿಟ್ಟಂತೆ. ತೋಳು ಸೋತರೆ ಮಾವ “ಕೆಳಗೆ” ಎಂದು ಬೂದಿಯನ್ನು ಇಳಿಸಿಕೊಳ್ಳುತ್ತಿದ್ದರು. ಒಮ್ಮೆ ಪುಟ್ಟಿ ಎದ್ದು ಬಂದು ತಾನೂ ಕೈ ಮೇಲೆತ್ತಿದಳು. ಸರದಿಯಲ್ಲಿ ಬಾ ಎಂದರು ಮಾವ.

ಹೊಲಿಗೆ ಚೆನ್ನಾಗಿ ಕೂಡಿತು. ಡಾಕ್ಟರು ದಾರ ತೆಗೆದು, ಇನ್ನು ಎಷ್ಟು ಬೇಕಾದರೂ ಹಾರಲಿ ಎಂದರು. ಆದರೆ ಬೂದಿ ಹಾರಲೊಲ್ಲದು. ಬೀರುವಿನ ಬುಡದಲ್ಲಿ ಕೂತು ಮಾವನನ್ನೇ ನೋಡುತ್ತದೆ. ಅವರು ಏಳಲು ಹೊರಟಾಗ ನಾನು ತಡೆದೆ.

“ಬೇಡ ಮಾವ. ನೀವು ಹೀಗೇ ಎತ್ತುತ್ತಾ ಇದ್ರೆ ಅದು ಹಾರೋದನ್ನೇ ಮರೆತುಬಿಡತ್ತೆ.”

ಮಾವ ಕುರ್ಚಿಗೊರಗಿ ಕಣ್ಣು ಮುಚ್ಚಿದರು. ಕೈ ಮಾತ್ರ ತೊಡೆಯ ಮೇಲೆ ಅಂಗಾತ ತೆರೆದೇ ಇತ್ತು. ಬೂದಿ ಕಾದಿತು. ಕೂಗಿತು. ಬೆನ್ನು ತಿರುಗಿಸಿ ಕೂತು ಮುನಿಸು ತೋರಿಸಿತು. ನಾನು ಬಟ್ಟೆ ಮಡಚುತ್ತಿದ್ದೆ. ಬೂದುಬಣ್ಣದ ನೆರಳೊಂದು ಸುಳಿದಂತಾಯಿತು, ನೋಡಿದರೆ ಬೂದಿ ಬೀರುವಿನ ಮೇಲಿತ್ತು.

“ಹೋಯ್ತಾ?” ಮಾವ ಕಣ್ಣು ತೆರೆಯದೆಯೇ ಕೇಳಿದರು.

“ಹೋಯ್ತು ಮಾವ.”

ಸ್ವಲ್ಪ ಹೊತ್ತಿಗೆ ಬೂದಿ ಬೀರುವಿನ ಅಂಚಿಗೆ ಬಂದು, ಕೆಳಗೆ ಬಗ್ಗಿ, ಅವರತ್ತ ನೋಡಿ ಕೂಗಿತು. ಮಾವ ಎದ್ದರು. ಈ ಸಲ ನಾನು ತಡೆಯಲಿಲ್ಲ.