ಮೊಳೆಯಣ್ಣನ ಎಂಟು ಜಿಬಿ

ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಕರೆಯುವುದು ಮೊಳೆಯಣ್ಣ ಎಂದೇ. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಮೊಳೆಗಳು ತೂಕಕ್ಕೆ ಹೋದವು, ಹೆಸರು ಉಳಿಯಿತು. ಈಗ ಐವತ್ತೇಳು ವರ್ಷ. ಹದಿಮೂರು ವರ್ಷ ಹಳೆಯ ಕಂಪ್ಯೂಟರಿನ ಮುಂದೆ ಕೂತು ಪುಟ ಕಟ್ಟುತ್ತಾರೆ. ಅದಕ್ಕಿರುವ ಮೆಮೊರಿ ನಾಲ್ಕು ಜಿಬಿ. ಫೈಲು ತೆರೆ ಎಂದರೆ ಮೊದಲು ಯೋಚಿಸುತ್ತದೆ, ಆಮೇಲೆ ಗೊರಗೊರ ಎನ್ನುತ್ತದೆ, ಆಮೇಲೆ ಮನಸ್ಸಾದರೆ ತೆರೆಯುತ್ತದೆ. ಅದನ್ನು ಬೈಯದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವರು ಮೊಳೆಯಣ್ಣ.

ಒಳಗಿನ ಸಂಗತಿ ಬೇರೆ. ಎರಡು ವರ್ಷದಿಂದ ಅವರ ಬಲಗೈ ಬೆರಳುಗಳ ಗಂಟುಗಳು ಊದಿಕೊಂಡಿದ್ದವು, ಎಡಗೈಯೂ ಅದೇ ದಾರಿ ಹಿಡಿದಿತ್ತು. ಹತ್ತು ಬೆರಳಲ್ಲಿ ಟೈಪು ಮಾಡುತ್ತಿದ್ದವರು ಈಗ ಮೂರರಲ್ಲಿ ಮಾಡುತ್ತಿದ್ದರು. ಕಂಪ್ಯೂಟರ್ ನಿಂತಾಗಲೆಲ್ಲ ಬಿಸಿ ಚಹಾದ ಲೋಟಕ್ಕೆ ಕೈ ಒತ್ತಿಕೊಂಡು ಕೂರುತ್ತಿದ್ದರು. ನೋಡಿದವರು ಪಾಪ, ಎಷ್ಟು ತಾಳ್ಮೆ ಎಂದುಕೊಳ್ಳುತ್ತಿದ್ದರು. ಕೈಯ ವಿಷಯ ಹೊರಗೆ ಬಿದ್ದರೆ ಕೆಲಸ ಹೋಗುತ್ತದೆ, ಈ ವಯಸ್ಸಿನಲ್ಲಿ ಇನ್ನೊಂದು ಸಿಗುವುದಿಲ್ಲ. ಅಷ್ಟು ಅವರಿಗೆ ಸ್ಪಷ್ಟವಾಗಿತ್ತು. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

“ಪ್ರೆಸ್ಸಿನ ಯಜಮಾನರಿಗೆ ಹೇಳಿಬಿಡಿ ಅಂದ್ರೆ ಕೇಳಲ್ಲ. ಎಷ್ಟು ದಿನ ಮುಚ್ಚಿಡ್ತೀರಿ?”

“ಆ ಕಂಪ್ಯೂಟರ್ ಹೀಗೇ ಇರೋವರೆಗೂ.”

ಮುದ್ರಣಾಲಯದಲ್ಲಿ ‘ತಡದ ಪುಸ್ತಕ’ ಎಂದೊಂದಿತ್ತು. ಹೇಳಿದ ಹೊತ್ತಿಗೆ ಪುಟ ಮುಗಿಯದಿದ್ದರೆ, ಯಾಕೆ ಎಂದು ಮಾಡಿದವರೇ ಅದರಲ್ಲಿ ಬರೆದು ಸಹಿ ಹಾಕಬೇಕು. ಮೊಳೆಯಣ್ಣ ಮೊದಮೊದಲು ‘ಕಂಪ್ಯೂಟರ್ ನಿಂತಿತ್ತು’ ಎಂದು ಪೂರ್ತಿ ಬರೆದರು. ಬರೆಯಲಿಕ್ಕೂ ಬೆರಳು ನೋಯುತ್ತಿದ್ದ ಕಾರಣ ಅದು ‘ಕಂ. ನಿಂ.’ ಆಯಿತು. ಎರಡು ವರ್ಷದ ಹಾಳೆಗಳ ತುಂಬ ಕಂ. ನಿಂ., ಕಂ. ನಿಂ.

ಒಂದು ದಿನ ಯಜಮಾನರು ಆ ಪುಸ್ತಕ ಹಿಡಿದುಕೊಂಡೇ ಬಂದರು.

“ಇದಕ್ಕೊಂದು ಗತಿ ಕಾಣಿಸೋಣ. ಹೊಸ ಯಂತ್ರಕ್ಕೆ ದುಡ್ಡಿಲ್ಲ. ಮೆಮೊರಿ ಹೆಚ್ಚಿಸಿದ್ರೆ ಸಾಕಂತೆ. ಎರಡು ಸಾವಿರ ಕೊಡ್ತೀನಿ, ಅದರ ಮೇಲೆ ಬಿಡಿಗಾಸೂ ಇಲ್ಲ. ಏನು ಹಾಕಿಸ್ಬೇಕು ಅಂತ ನೀವೇ ನೋಡಿ. ಆ ಯಂತ್ರ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

ಮೊಳೆಯಣ್ಣ ಬಲಗೈಯನ್ನು ಮೇಜಿನ ಕೆಳಗೆ ಸರಿಸಿ, “ಬಹಳ ಒಳ್ಳೇದಾಯ್ತು ಸರ್” ಎಂದರು.

ಆಮೇಲೆ ಐದು ವಾರ ಪರಿಶೀಲನೆ ನಡೆಯಿತು. ರಿಪೇರಿ ಅಂಗಡಿಯವನು ಪೆಟ್ಟಿಗೆ ಬಿಚ್ಚಿ ನೋಡಿ ಎರಡೇ ಮಾತಲ್ಲಿ ಮುಗಿಸಿದ್ದ: ಮೆಮೊರಿ ಕೂರಿಸಲು ಎರಡು ಜಾಗ ಇವೆ, ಎರಡರಲ್ಲೂ ಎರಡೆರಡು ಜಿಬಿ ಇದೆ, ಎರಡನ್ನೂ ಕಿತ್ತು ನಾಲ್ಕು ನಾಲ್ಕು ಹಾಕಿದರೆ ಎಂಟಾಗುತ್ತದೆ. ಈ ಹಳೇ ಮಾದರಿ ಹೊಸದಾಗಿ ಸಿಗುವುದು ಕಷ್ಟ, ಬಳಸಿದ್ದು ಸಿಗುತ್ತದೆ, ಎರಡು ಸಾವಿರದೊಳಗೇ ಬರುತ್ತದೆ. ಮೊಳೆಯಣ್ಣ ಇಷ್ಟಕ್ಕೆ ಬಿಡಲಿಲ್ಲ. ಒಂದನ್ನೇ ಬದಲಿಸಿ ಆರು ಮಾಡಿದರೆ? ಆರರಲ್ಲಿ ಎರಡಕ್ಕೂ ನಾಲ್ಕಕ್ಕೂ ಹೊಂದಿಕೆಯಾಗದಿದ್ದರೆ? ಬಳಸಿದ್ದು ಅಂದರೆ ಯಾರು ಬಳಸಿದ್ದು? ಯಜಮಾನರು ಕೇಳಿದಾಗಲೆಲ್ಲ “ದುಡುಕಬಾರದು ಸರ್” ಎನ್ನುತ್ತಿದ್ದರು. ಇಷ್ಟು ಪರಿಶೀಲನೆ ಅವರು ತಮ್ಮ ಮದುವೆಗೂ ಮಾಡಿರಲಿಲ್ಲ.

ಅದೇ ಕಂಪ್ಯೂಟರಿನ ಮುಂದೆ ಮೂರು ಗಂಟೆಯ ನಂತರ ಪುಸ್ತಕದ ಹೊದಿಕೆ ಮಾಡುವ ಹೆಂಗಸು ಕೂರಬೇಕಿತ್ತು. ಎಲ್ಲರಿಗೂ ಅವಳು ಹೊದಿಕೆಯಮ್ಮ. ಮೊಳೆಯಣ್ಣನ ಪುಟ ಮುಗಿಯುವಾಗ ನಾಲ್ಕಾಗುತ್ತಿತ್ತು. ಅವಳ ಮಗುವನ್ನು ನೋಡಿಕೊಳ್ಳುವ ಮನೆ ಐದೂವರೆಗೆ ಬಾಗಿಲು ಹಾಕುತ್ತದೆ. ದಿನವೂ ಅಲ್ಲಿಂದ ಫೋನು ಬರುತ್ತಿತ್ತು; ಮಗು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದೆ ಎಂದು. “ಬಂದೆ, ಬಂದೆ” ಎನ್ನುತ್ತ ಅವಳು ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮೌಸು ಹಿಡಿದು ಹೊದಿಕೆಗೆ ಬಣ್ಣ ತುಂಬುತ್ತಿದ್ದಳು. ಮೊಳೆಯಣ್ಣ ಆ ಹೊತ್ತಿಗೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಐದನೆಯ ವಾರ ಅವಳೂ ತಡ ಮಾಡಿ ತಡದ ಪುಸ್ತಕ ತೆಗೆದಳು. ಬರೆಯುವ ಮೊದಲು ಮೇಲಿನ ಸಾಲುಗಳ ಮೇಲೆ ಕಣ್ಣಾಡಿಸಿ, ಒಂದು ಕಡೆ ಬೆರಳಿಟ್ಟಳು.

“ಅಣ್ಣಾ, ಇಲ್ಲಿ ಮಂಗಳವಾರಾನೂ ಕಂ. ನಿಂ. ಅಂತಿದೆ.”

“ಹೂಂ, ನಿಂತಿತ್ತಲ್ಲ.”

“ಮಂಗಳವಾರ ಕಂಪ್ಯೂಟರ್ ರಿಪೇರಿ ಅಂಗಡೀಲಿತ್ತು. ಮೆಮೊರಿ ಜಾಗ ಎಣಿಸೋಕೆ ಅಂತ ಇನ್ನೊಂದ್ಸಲ ನೀವೇ ಕಳಿಸಿದ್ರಿ. ಅವತ್ತು ನೀವು ಪೆನ್ನು ಹಿಡಿದು ಕರಡು ತಿದ್ದಿದ್ದು, ಅದೇ ತಡ ಆಗಿದ್ದು.”

ಅವಳು ಅವರ ಮುಖ ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ಕೈ ನೋಡಿದಳು. ತನ್ನ ಹೆಸರಿನ ಮುಂದೆ ತಾನೂ ‘ಕಂ. ನಿಂ.’ ಎಂದು ಬರೆದು, ಪುಸ್ತಕ ಮುಚ್ಚಿ, ಮಗುವನ್ನು ಕರೆತರಲು ಓಡಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಮೊಳೆಯಣ್ಣನಿಗೆ ನಾಚಿಕೆಯಾಯಿತು. ಕೈ ನೋಯುವುದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸೀದಾ ರಿಪೇರಿ ಅಂಗಡಿಗೆ ಹೋದರು.

“ಆರಾ, ಎಂಟಾ?” ಎಂದ ಅಂಗಡಿಯವನು, ಇನ್ನೊಂದು ವಾರದ ಪ್ರಶ್ನೆಗಳಿಗೆ ಸಿದ್ಧನಾಗಿ.

“ಎಂಟು. ಈಗಲೇ ಬಾ.”

ಕೂರಿಸಲು ಹತ್ತು ನಿಮಿಷ ಸಾಕಾಯಿತು. ನಿವೃತ್ತ ಎಂಜಿನಿಯರೊಬ್ಬರು ಬರೆದ ನಲ್ಲಿ ರಿಪೇರಿಯ ಪುಸ್ತಕ ಅಂದಿನ ಕೆಲಸ. ಮೊಳೆಯಣ್ಣ ಕುರ್ಚಿ ಎಳೆದು ಕೂರುವಷ್ಟರಲ್ಲಿ ಫೈಲು ತೆರೆದಿತ್ತು. ಯೋಚನೆ ಇಲ್ಲ, ಗೊರಗೊರ ಇಲ್ಲ. ಪರದೆಯ ಮೇಲೆ ಸಣ್ಣ ಗೆರೆಯೊಂದು ಮಿಣಮಿಣ ಎನ್ನುತ್ತ ಅವರಿಗಾಗಿ ಕಾಯುತ್ತಿತ್ತು. ಯಜಮಾನರು ಜೇಬಿನ ಗಡಿಯಾರ ನೋಡಿಕೊಂಡು ಹಿಂದೆ ನಿಂತರು. ಮೂರು ಬೆರಳು ಹೊರಟವು.

ಮೊದಲು ಐವತ್ತು ನಿಮಿಷ ಹಿಡಿಯುತ್ತಿದ್ದ ಪುಟ ನಲವತ್ತಾರು ನಿಮಿಷದಲ್ಲಿ ಮುಗಿಯಿತು.

ಯಜಮಾನರು ಗಡಿಯಾರವನ್ನು ಅಲ್ಲಾಡಿಸಿ ಕಿವಿಗೆ ಹಿಡಿದರು. “ಎಂಟು ಜಿಬಿಗೆ ನಾಲ್ಕು ನಿಮಿಷಾನಾ? ಆ ರಿಪೇರಿಯವನು ನಮಗೆ ಟೋಪಿ ಹಾಕಿದಾನೆ. ಕರೀರಿ ಅವನನ್ನ.”

ಹೂಂ ಎಂದಿದ್ದರೆ ಇನ್ನೊಂದು ಆರು ತಿಂಗಳು ಕಳೆಯುತ್ತಿತ್ತು. ಮೊಳೆಯಣ್ಣ ಎದ್ದು ನಿಂತರು.

“ಅವನದೇನೂ ತಪ್ಪಿಲ್ಲ ಸರ್. ಕಂಪ್ಯೂಟರ್ ಸರಿಯಾಗೇ ಇದೆ. ನನ್ನ ಕೈ ಹೋಗಿದೆ.”

ಯಜಮಾನರು ಆ ಕೈಯನ್ನು ಹಿಡಿದು, ಮಸಿ ಹತ್ತಿದೆಯೇ ಎಂದು ಹಾಳೆ ನೋಡುವ ಹಾಗೆ ತಿರುಗಿಸಿ ನೋಡಿದರು. “ಮುಷ್ಟಿ ಕಟ್ಟಿ.”

ಮೊಳೆಯಣ್ಣ ಪ್ರಯತ್ನಿಸಿದರು. ಅರ್ಧಕ್ಕೇ ನಿಂತಿತು.

“ಯಾವಾಗಿಂದ?”

“ಎರಡು ವರ್ಷ ಆಯ್ತು ಸರ್.”

“ಎರಡು ವರ್ಷ ಸುಮ್ನೆ ಆ ಕಂಪ್ಯೂಟರಿಗೆ ಬೈದೆನಲ್ಲ!”

“ನಾನೂ ಬೈದೆ ಸರ್. ನಿಮಗಿಂತ ಜಾಸ್ತಿ.”

ಯಜಮಾನರು ಮುಂದೇನು ಹೇಳುತ್ತಿದ್ದರೋ. ಅಷ್ಟರಲ್ಲಿ ಹೊದಿಕೆಯಮ್ಮ ತನ್ನ ಕುರ್ಚಿಯನ್ನು ಕರಕರ ಎಳೆದು ತಂದು ಕಂಪ್ಯೂಟರಿನ ಮುಂದೆ ಹಾಕಿ, ಮೊಳೆಯಣ್ಣನ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದಳು.

“ಸರ್, ಇವರ ಹಾಗೆ ತಪ್ಪು ಹಿಡಿಯೋರು ನಮ್ಮಲ್ಲಿ ಇನ್ಯಾರಿದಾರೆ? ಅಣ್ಣ ಓದ್ಲಿ, ನಾನು ಕುಟ್ತೀನಿ. ಎರಡು ಗಂಟೆಗೆ ಪುಟ ಎಲ್ಲಾ ಮುಗಿಯುತ್ತೆ, ಆಮೇಲೆ ನನ್ನ ಹೊದಿಕೆ. ಐದಕ್ಕೆ ನಾನು ಮನೆಗೆ.”

ಯಜಮಾನರು ಇಬ್ಬರನ್ನೂ ನೋಡಿದರು. “ನೋಡೋಣ, ಒಂದು ಪುಟ ಮಾಡಿ” ಎಂದು ಮತ್ತೆ ಗಡಿಯಾರ ಹಿಡಿದರು. ಹತ್ತೊಂಬತ್ತು ನಿಮಿಷಕ್ಕೆ ಮುಗಿಯಿತು. ಅವರು ಗಡಿಯಾರ ಜೇಬಿಗೆ ಹಾಕಿಕೊಂಡು, “ಹೀಗೇ ನಡೀಲಿ. ಆ ಕೈಯನ್ನ ಯಾರಾದ್ರೂ ಡಾಕ್ಟರಿಗೆ ತೋರಿಸಿ ಮಾರಾಯ್ರೇ” ಎಂದು ಹೊರಟುಹೋದರು.

ಮೊಳೆಯಣ್ಣ ಮುಂದಿನ ಹಾಳೆ ತೆಗೆದರು. “ನಲ್ಲಿ ತೊಟ್ಟಿಕ್ಕುತ್ತಿದ್ದರೆ ಗಾಬರಿಯಾಗಬೇಡಿ” ಎಂದು ಓದುವಷ್ಟರಲ್ಲಿ ಅಕ್ಷರಗಳು ಕಲಸಿಹೋದವು.

“ಗಾಬರಿಯಾಗಬೇಡಿ, ಆಮೇಲೆ?” ಎಂದಳು ಅವಳು, ಪರದೆಯಿಂದ ಕಣ್ಣು ತೆಗೆಯದೆ.

ಮೊಳೆಯಣ್ಣ ಕಣ್ಣೊರೆಸಿಕೊಂಡು ಹಾಳೆಯನ್ನು ಹತ್ತಿರ ಹಿಡಿದರು.

“ಒಳಗಿನ ವಾಷರ್ ಸವೆದಿರುತ್ತದೆ, ಅಷ್ಟೆ.”